ಗುರಿಯೋ, ಸ್ಥಲವೋ?

ಯೋಗವನ್ನು ಕುರಿತು ಈಚೆಗೆ ಕನ್ನಡದಲ್ಲಿ ಪ್ರಕಟವಾಗುತ್ತಿರುವ ಪುಸ್ತಕಗಳಲ್ಲಿ ಒಂದು ಬಗೆಯವು ವಿಚಾರಾರ್ಹವಾಗಿವೆ. ಬಾಳಿನ ಗುರಿಯನ್ನು ನಿಶ್ಚಯಿಸಿಕೊಳ್ಳುವುದು ಹೇಗೆ, ಅದನ್ನು ಗೊತ್ತಾದ ಅವಧಿಯೊಳಗೆ ಸಾಧಿಸುವುದು ಹೇಗೆ ಎಂಬ ಪ್ರಶ್ನೆಗೆ ಪತಂಜಲಿಯ ಸೂತ್ರಗಳಿಂದ ಉತ್ತರವನ್ನು ತೆಗೆದುಕೊಡುವ ಪುಸ್ತಕಗಳಿವು. ಸಂಕಲ್ಪವೆಂದರೆ ಗುರಿ, ಧಾರಣೆಯೆಂದರೆ ಏಕಾಗ್ರತೆ, ಸಿದ್ಧಿಯೆಂದರೆ ಯಶಸ್ಸು ಎಂಬುದು ಅವುಗಳ ಸಮೀಕರಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ತರುಣರ ಕೈಯಲ್ಲಿ ಇವನ್ನು ನಾವು ಕಂಡಿದ್ದೇವೆ. ಅವರಲ್ಲೊಬ್ಬ, ಮೂರನೆಯ ಸಲವೂ ಆಯ್ಕೆಯಾಗದೆ ಬಂದವನು, “ಯೋಗಾ ಮಾಡಿದ್ರೂ ಆಗಲಿಲ್ರೀ, ನನ್ನ ಸಂಕಲ್ಪದಾಗನ ದೋಷ ಇರಬೇಕು” ಎಂದು ಈ ಲೇಖಕನ ಮುಂದೆ ನುಡಿದ. ಆ ಮಾತೇ ಈ ವಿಮರ್ಶೆಗೆ ನಿಮಿತ್ತ.

ಲೌಕಿಕವಾದ ಉದ್ದೇಶವೇ ಹೇಯವೆಂದು ಸಾಧಿಸುವುದು ನಮ್ಮ ಇಂಗಿತವಲ್ಲ. ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಕಂಡ ಶರಣಪರಂಪರೆಗೆ ಅಂಥ ವೈರಾಗ್ಯವು ಶೋಭಿಸದು. ನಮ್ಮ ಆಕ್ಷೇಪವಿರುವುದು ಪದಪ್ರಯೋಗದಲ್ಲಿ. ಗುರಿಯೆಂಬುದು ಬಿಲ್ಲುಗಾರನ ಮಾತು. ಬಾಣವು ತಗುಲಬೇಕು, ಇಲ್ಲವೇ ತಪ್ಪಬೇಕು, ಮೂರನೆಯದಿಲ್ಲ. ಪತಂಜಲಿಯಾದರೋ ಸಮಾಧಿಪಾದದ ೧೪ನೆಯ ಸೂತ್ರದಲ್ಲಿ ಬಳಸುವ ಶಬ್ದ ‘ಭೂಮಿ’. ಬಹುಕಾಲ, ಎಡೆಬಿಡದೆ, ಆದರದಿಂದ ನಡೆಸಿದ ಅಭ್ಯಾಸವು ಗಟ್ಟಿಯಾದ ನೆಲವಾಗುತ್ತದೆಂಬುದು ಅದರ ತಾತ್ಪರ್ಯ. ಅವಧಿಯ ಲೆಕ್ಕ ಅಲ್ಲಿಲ್ಲ. ನೆಲವಾದುದರ ಮೇಲೆ ನಿಲ್ಲಬಹುದು, ಮುಂದಿನ ಹೆಜ್ಜೆಯನ್ನೂ ಇಡಬಹುದು.

ಅದೇ ಪಾದದ ೩೦ನೆಯ ಸೂತ್ರವು ಚಿತ್ತವಿಕ್ಷೇಪಗಳೆಂದು ಒಂಬತ್ತು ಅಂತರಾಯಗಳನ್ನು ಎಣಿಸುತ್ತದೆ. ವ್ಯಾಧಿಯಿಂದ ಮೊದಲಾಗುವ ಆ ಎಣಿಕೆಯ ಕಡೆಯ ಎರಡು, ಅಲಬ್ಧಭೂಮಿಕತ್ವ ಮತ್ತು ಅನವಸ್ಥಿತತ್ವ. ನೆಲೆಯು ದೊರೆಯದಿರುವುದು ಮತ್ತು ದೊರೆತರೂ ಅದರಲ್ಲಿ ನಿಲ್ಲಲಾಗದಿರುವುದು. ವಾಚಕರು ಇದನ್ನು ಲಕ್ಷ್ಯವಿಟ್ಟು ನೋಡಬೇಕು. ದೊರೆಯದಿರುವಿಕೆಯನ್ನು ಸೂತ್ರಕಾರನು ಜ್ವರ, ಸಂಶಯ, ಆಲಸ್ಯಗಳ ಸಾಲಿನಲ್ಲಿಯೇ ಇರಿಸಿದ್ದಾನೆ. ಅದು ಸಾಧಕನ ಮೇಲೆ ಬಿದ್ದ ತೀರ್ಪಲ್ಲ. ಹಾದಿಯಲ್ಲಿ ಎದುರಾಗುವುದೆಂದು ಮೊದಲೇ ಬಲ್ಲ ತೊಡಕು. ನಾವು ನೋಡಿದ ಪುಸ್ತಕಗಳಲ್ಲಿ ಏಕಾಗ್ರತೆಯ ಸೂತ್ರಗಳೆಲ್ಲ ಉಂಟು, ಇದೊಂದಿಲ್ಲ.

ವೀರಶೈವ ಶಾಸ್ತ್ರವು ಇದಕ್ಕೆ ಇಟ್ಟ ಹೆಸರು ‘ಸ್ಥಲ’. ಭಕ್ತನಿಂದ ಐಕ್ಯನವರೆಗಿನ ಆರೂ ನಿಲುವುಗಳೇ ಹೊರತು ಆರು ಬಹುಮಾನಗಳಲ್ಲ. ಅವುಗಳಿಗೆ ಹೇಳಿರುವ ಭಕ್ತಿಗಳಾದ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸಗಳಲ್ಲಿ ಒಂದಾದರೂ ಹೊರಗಿನಿಂದ ಪಡೆಯುವ ವಸ್ತುವಲ್ಲ.

ಈ ವಿಚಾರದಲ್ಲಿ ನಿಜಗುಣ ಶಿವಯೋಗಿಗಳ ‘ಕೈವಲ್ಯಪದ್ಧತಿ’ಯಷ್ಟು ನೆರವಾಗುವ ಕನ್ನಡ ಕೃತಿ ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಸಿದ್ಧಾರೂಢರ (೧೮೩೬–೧೯೨೯) ಕಾಲದಿಂದ ಹುಬ್ಬಳ್ಳಿಯ ಮಠದ ಪ್ರಭಾವವು ಹರಡಿದ ಕಡೆಯಲ್ಲೆಲ್ಲ ನಿಜಗುಣರ ಶಾಸ್ತ್ರಶ್ರವಣವು ರೂಢಿಯಾಗಿದೆ. ಅವರ ಹಾಡುಗಳು ಭಜನೆಯಲ್ಲಿ ಬಿಡಿಬಿಡಿಯಾಗಿ ಕಿವಿಗೆ ಬೀಳುವುದರಿಂದ ಕೃತಿಯ ಒಳಗಿನ ಅನುಕ್ರಮವು ಬಹುಮಂದಿಯ ಗಮನಕ್ಕೆ ಬಾರದು. ಶಿವಕಾರುಣ್ಯ ಪ್ರಾರ್ಥನೆ ಮೊದಲನೆಯ ಸ್ಥಲ, ಜೀವಸಂಬೋಧನೆ ಎರಡನೆಯದು, ನೀತಿಕ್ರಿಯಾಚರ್ಯೆ ಮೂರನೆಯದು. ಯೋಗಪ್ರತಿಪಾದನೆಯು ಬರುವುದು ನಾಲ್ಕನೆಯದಾಗಿ, ಜ್ಞಾನಪ್ರತಿಪಾದನೆ ಕಡೆಗೆ. ಇಂದಿನ ಪುಸ್ತಕಗಳು ಮೊದಲ ಮೂರನ್ನು ದಾಟಿ ನೇರವಾಗಿ ನಾಲ್ಕನೆಯದಕ್ಕೆ ಕೈ ಹಾಕುತ್ತವೆ.

ಹಾಗೆ ದಾಟಿದುದರಲ್ಲಿ ದೊಡ್ಡ ನಷ್ಟ ಜೀವಸಂಬೋಧನೆಯದು. ಅಲ್ಲಿ ಮನುಷ್ಯನು ತನ್ನನ್ನೇ ಕರೆದು ನಿಲ್ಲಿಸಿ ಮಾತನಾಡಿಸುತ್ತಾನೆ. ಏನನ್ನು ಬಯಸಿದೆ, ಆ ಬಯಕೆ ನಿನ್ನದೋ, ಪರರು ನಿನ್ನಲ್ಲಿ ಇಟ್ಟುಹೋದುದೋ ಎಂಬ ಪ್ರಶ್ನೆಗೆ ಎಡೆಯಿರುವುದು ಅಲ್ಲಿಯೇ. ಮೇಲೆ ಹೇಳಿದ ತರುಣನನ್ನು ಈ ಹುದ್ದೆಯೇ ಏಕೆ ಎಂದು ಕೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ಕಾಕನ ಮಗನಿಗೆ ಆಗಿದೆಯೆಂದ. ಇನ್ನೊಬ್ಬರ ಬಯಕೆಯ ಮೇಲೆ ಧಾರಣೆಯನ್ನು ಎಷ್ಟು ಬಲವಾಗಿ ನಿಲ್ಲಿಸಿದರೇನು? ಬಯಕೆಯನ್ನು ಶೋಧಿಸದೆ ಕೊಟ್ಟ ಏಕಾಗ್ರತೆಯು ಅವನ ಸಂಕಟವನ್ನೇ ಏಕಾಗ್ರಗೊಳಿಸಿತು.

ಮುಂಡಕೋಪನಿಷತ್ತಿನಲ್ಲಿಯೇ ಬಿಲ್ಲು, ಬಾಣ, ಲಕ್ಷ್ಯಗಳ ರೂಪಕವಿದೆಯಲ್ಲವೆ ಎಂದು ವಿದ್ವಾಂಸರು ಕೇಳಬಹುದು. ಇದೆ, ಮತ್ತು ಆಕ್ಷೇಪವು ಬಲವಾದುದೇ. ಆದರೆ ಅಲ್ಲಿ ಬಾಣವು ಲಕ್ಷ್ಯದಲ್ಲಿ ಒಂದಾಗಿ ಹೋಗುತ್ತದೆ. ತಗುಲಿತೆಂದು ಹಿಗ್ಗುವುದಕ್ಕೆ ಬಿಟ್ಟವನು ಬೇರೆಯಾಗಿ ಉಳಿಯುವುದಿಲ್ಲ. ಪುಸ್ತಕಗಳ ಗುರಿಕಾರನು ಉಳಿಯುತ್ತಾನೆ, ಉಳಿದು ಮುಂದಿನ ವರುಷದ ಪಟ್ಟಿಯನ್ನು ಬರೆಯುತ್ತಾನೆ. ಇದು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭರತಹುಣ್ಣಿಮೆಯಲ್ಲಿ ಒಯ್ಯುವ ಹರಕೆಗೆ ಹತ್ತಿರವಾದುದು. ಹರಕೆಯನ್ನು ನಾವು ಹಳಿಯುವುದಿಲ್ಲ. ಕೊಡುವವಳು ಬೇರೆಯೆಂಬ ವಿನಯವಾದರೂ ಅದರಲ್ಲಿದೆ. ಸಂಕಲ್ಪದ ಹೆಸರಿನಲ್ಲಿ ನಡೆಯುವ ಈ ಹೊಸ ಹರಕೆಯಲ್ಲಿ ಬೇಡುವವನೂ ಕೊಡುವವನೂ ಒಬ್ಬನೇ ಆದುದರಿಂದ ಸೋಲಿನ ಹೊರೆಯೆಲ್ಲ ಅವನೊಬ್ಬನ ಹೆಗಲಿಗೆ.

ಚಿತ್ತವೃತ್ತಿನಿರೋಧವನ್ನು ಆಸೆಗಳ ಸಂಹಾರವೆಂದು ಅರ್ಥೈಸುವುದೂ ಅಷ್ಟೇ ತಪ್ಪು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಒಡ್ಡು ಹೊಳೆಯನ್ನು ಬತ್ತಿಸಲಿಲ್ಲ, ಕಾಲುವೆಗೆ ತಿರುಗಿಸಿತು.

ಗುರಿಯು ಸಂಪೂರ್ಣವಾಗಿ ಕೈತಪ್ಪಿದ ಮೇಲೆ ಏನು ಉಳಿಯುತ್ತದೆಂಬುದಕ್ಕೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ೧೮೨೪ರ ಅಕ್ಟೋಬರ್ ೨೩ರಂದು ಥ್ಯಾಕರೆಯನ್ನು ಕೆಡವಿದ ಕಿತ್ತೂರು ಅದೇ ಡಿಸೆಂಬರಿನಲ್ಲಿ ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿದ್ದು ೧೮೨೯ರ ಫೆಬ್ರವರಿಯಲ್ಲಿ ಲಿಂಗೈಕ್ಯಳಾದಳು. ಸಮಾಧಿಯೂ ಅಲ್ಲಿಯೇ ಇದೆ. ಆ ದಿನಗಳನ್ನು ಆಕೆ ಪೂಜೆಯಲ್ಲಿ ಕಳೆದಳೆಂದು ಜನಶ್ರುತಿ. ಗೆಲವಿನ ಪಟ್ಟಿಯನ್ನು ಹಿಡಿದು ಅಳೆದರೆ ಆ ನಾಲ್ಕು ವರ್ಷಗಳು ಸೊನ್ನೆ. ಹಾಗೆ ಅಳೆಯಲು ಇಲ್ಲಿಯ ಯಾವ ಮನೆಯವರೂ ಒಪ್ಪಲಾರರು. ರಾಜ್ಯ ಹೋದ ಮೇಲೆಯೂ ಹೋಗದ ಆ ನೇಮವನ್ನು ಯೋಗವೆಂದು ಕರೆಯಲು ನಮಗೆ ಸಂಕೋಚವಿಲ್ಲ.

ಆದುದರಿಂದ ಗುರಿಯನ್ನು ಬಿಡಬೇಕೆಂದಲ್ಲ, ಅದನ್ನು ಅದರ ಎಡೆಯಲ್ಲಿಡಬೇಕು. ರಾಮದುರ್ಗದ ನೇಕಾರನಿಗೆ ಸೀರೆಯ ಉದ್ದವು ಗೊತ್ತು. ಆದರೂ ಕೈಯೂ ಕಣ್ಣೂ ಇರುವುದು ಈಗ ಹಾಯುತ್ತಿರುವ ಹೊಕ್ಕಿನ ಎಳೆಯ ಮೇಲೆ. ಪರೀಕ್ಷೆಯ ದಿನ, ಆಯ್ಕೆಯ ಸಂಖ್ಯೆ ಇವು ಪರರು ನಿಶ್ಚಯಿಸುವಂಥವು. ಬೆಳಗಿನ ಓದು, ಅದರ ಹೊತ್ತು, ಅದರ ಆದರ ಇವು ಓದುವವನ ಸ್ಥಲ. ಇಂಥ ಪುಸ್ತಕಗಳನ್ನು ಬರೆಯುವವರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ: ಮುಂದಿನ ಮುದ್ರಣದಲ್ಲಿ ಏಕಾಗ್ರತೆಯ ಅಧ್ಯಾಯಕ್ಕಿಂತ ಮೊದಲು ಆ ೩೦ನೆಯ ಸೂತ್ರವನ್ನು, ಕಡೆಯ ಎರಡು ಅಂತರಾಯಗಳ ವಿವರಣೆಯೊಡನೆ, ದಯವಿಟ್ಟು ಅಚ್ಚು ಹಾಕಿಸಿರಿ.