ಬಣ್ಣಕ್ಕಿಂತ ಮೊದಲು ಪೈಪು

ಹಳೆ ಅಂಬಾಸಿಡರ್ ಕೊಂಡವರು ಮೊದಲು ಓಡುವುದು ಪೇಂಟರ್ ಹತ್ತಿರ. ನಾನಾದರೆ ಗಾಡಿಯ ಕೆಳಗೆ ನುಸುಳುತ್ತೇನೆ. ಹಿಂದಿನ ಟ್ಯಾಂಕಿನಿಂದ ಮುಂದಿನ ಪಂಪಿಗೆ ಹೋಗುವ ಉಕ್ಕಿನ ಪೈಪು ಹೇಗಿದೆ ಎಂದು ನೋಡದೆ ಬಣ್ಣಕ್ಕೆ ಸುರಿದ ದುಡ್ಡು ದಂಡ.

ಸಿಂಧನೂರು ಕಡೆಯ ಗಾಡಿಯಾದರಂತೂ ಪೈಪಿನ ಕ್ಲಿಪ್ಪುಗಳನ್ನು ಬಿಚ್ಚಿಯೇ ನೋಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳ ನಡುವೆ ಓಡಾಡಿದ ಗಾಡಿ ಅದು. ಎರೆಮಣ್ಣು ಕ್ಲಿಪ್ಪಿನ ಸಂದಿಯಲ್ಲಿ ಮೆತ್ತಿಕೊಂಡರೆ ಮೇಲೆ ಒಣಗಿ ಬಿರಿದರೂ ಒಳಗಿನ ತೇವ ಆರುವುದಿಲ್ಲ. ಉದ್ದಕ್ಕೂ ನೆಟ್ಟಗೆ ಕಾಣುವ ಪೈಪು ಅಲ್ಲೇ ತುಕ್ಕು ಹಿಡಿದಿರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಹಪ್ಪಳದಂತೆ ಪದರು ಏಳುತ್ತದೆ. ಆ ತುಂಡನ್ನಷ್ಟೇ ಕತ್ತರಿಸಿ ರಬ್ಬರ್ ಹೋಸ್ ಸಿಕ್ಕಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತಾಮ್ರವೂ ಬೇಡ. ಬಗ್ಗಿಸಲು ಸುಲಭ, ಆದರೆ ಗಾಡಿಯ ನಡುಕಕ್ಕೆ ಬರಬರುತ್ತ ಪೆಡಸಾಗಿ ಸೀಳುತ್ತದೆ. ಪೂರ್ತಿ ಹೊಸ ಉಕ್ಕಿನ ಪೈಪನ್ನೇ ಹಾಕಿಸಿ. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಬಾಗಿಗೆ ಬಾಗು ಹೊಂದಿಸಿ.

ರಬ್ಬರಿನದು ಬೇರೆಯೇ ಕತೆ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರು ಇದಕ್ಕೆ ಒಳಗಿನಿಂದಲೇ ಊದಿಕೊಂಡು, ಮೆತ್ತಗಾಗಿ, ಪುಡಿಯುದುರಿಸಿ ಕಾರ್ಬುರೇಟರಿನ ಜೆಟ್ ಕಟ್ಟಿಸುತ್ತದೆ. “ಪೈಪ್ ಗಟ್ಟಿ ಐತಲ್ರೀ, ಯಾಕ್ ಬದಲಸ್ತೀರಿ?” ಎನ್ನುವ ಮೆಕ್ಯಾನಿಕ್ಕಿಗೆ ಕಾಣುವುದು ಹೊರಮೈ ಮಾತ್ರ. ಟ್ರ್ಯಾಕ್ಟರ್ ಅಂಗಡಿಯ ಡೀಸೆಲ್ ಹೋಸೂ ಇದಕ್ಕಾಗದು, ಪಾರದರ್ಶಕ ಪ್ಲಾಸ್ಟಿಕ್ ಪೈಪಂತೂ ಬೇಡವೇ ಬೇಡ. ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚಾದ ಹೋಸ್ ತರಿಸಿಕೊಳ್ಳಿ. ಎಲ್ಲವೂ ಒರಿಜಿನಲ್ಲೇ ಇರಬೇಕೆಂಬ ಹಟ ಹಾರ್ನ್ ಬಟನ್ನಿಗೆ ಸರಿ, ಹೋಸಿಗಲ್ಲ.

ಇನ್ನು ಬಿಸಿಲು. ಮೇ ತಿಂಗಳ ಮಧ್ಯಾಹ್ನ ಲಿಂಗಸುಗೂರಿನಿಂದ ಹೊರಟ ಗಾಡಿ ಮಸ್ಕಿ ಮುಟ್ಟುವ ಮೊದಲೇ ಮುಗ್ಗರಿಸಿ ನಿಂತರೆ ಪಂಪನ್ನು ಬೈಯಬೇಡಿ. ಪೈಪಿನಲ್ಲೇ ಪೆಟ್ರೋಲ್ ಕುದಿದು ಆವಿಯಾಗಿರುತ್ತದೆ. ಪಂಪು ಆವಿಯನ್ನು ಎಳೆಯಲಾರದು. ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ಪೈಪನ್ನು ಸೈಲೆನ್ಸರಿನಿಂದ ದೂರ ಸರಿಸಿ, ಎಂಜಿನ್ ಹತ್ತಿರದ ಭಾಗಕ್ಕೆ ಶಾಖ ತಡೆಯುವ ತೋಳು ತೊಡಿಸಿದರೆ ಬಟ್ಟೆಯ ಉಪಚಾರ ಬೇಕಾಗುವುದು ಕಡಿಮೆ. ತಗಡಿನ ತೂತಿನೊಳಗೆ ಹಾಯುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಇರಲಿ.

ಕೆಲಸ ಮುಗಿದ ಮೇಲೆ ಎಂಜಿನ್ ಹತ್ತು ನಿಮಿಷ ಓಡಲಿ. ಆರಿಸಿ, ತಣ್ಣಗಾಗಲು ಬಿಟ್ಟು, ಪ್ರತಿ ಜೋಡಣೆಗೂ ಬಿಳಿ ಕಾಗದ ಒತ್ತಿ ನೋಡಿ. ಒದ್ದೆಯಾದರೆ ಅದನ್ನು ಬಿಚ್ಚಿ ಮತ್ತೆ ಕೂರಿಸಿ. ಆಮೇಲೆ ಪೇಂಟರ್ ಹತ್ತಿರ ಹೋಗಿ.