ವೆಟ್‌ಸೂಟ್: ಬೆಚ್ಚಗಿಡುವುದು ನೀರೋ, ಗುಳ್ಳೆಯೋ?

ವೆಟ್‌ಸೂಟ್ ಧರಿಸಿದ ಸ್ಕೂಬಾ ಮುಳುಗುಗಾರನಿಗೆ ತಣ್ಣೀರಿನಲ್ಲೂ ಚಳಿಯಾಗದಿರುವುದು ಹೇಗೆ? ಜನಪ್ರಿಯ ಪುಸ್ತಕಗಳಲ್ಲೂ ಮಾರಾಟಗಾರರ ಕರಪತ್ರಗಳಲ್ಲೂ ಇದಕ್ಕೆ ಸಿದ್ಧ ಉತ್ತರವೊಂದಿದೆ: ಸೂಟಿಗೂ ಚರ್ಮಕ್ಕೂ ನಡುವೆ ತೆಳುವಾದ ನೀರಿನ ಪದರ ಸೇರುತ್ತದೆ, ದೇಹದ ಶಾಖದಿಂದ ಅದು ಬೆಚ್ಚಗಾಗುತ್ತದೆ, ಆ ಬೆಚ್ಚನೆಯ ನೀರೇ ಮುಳುಗುಗಾರನನ್ನು ಕಾಪಾಡುತ್ತದೆ. ಕೇಳಲು ಸೊಗಸಾಗಿದೆ. ಆದರೆ ಭೌತವಿಜ್ಞಾನದ ಒರೆಗೆ ಹಚ್ಚಿದರೆ ನಿಲ್ಲುವುದಿಲ್ಲ. ಅದನ್ನು ನಂಬಿ ಸೂಟ್ ಆರಿಸಿದವರು ಅಪಾಯಕ್ಕೂ ಈಡಾಗಬಹುದು. ಆದ್ದರಿಂದ ಈ ವಿವರಣೆಯನ್ನು ಸ್ವಲ್ಪ ಕೂಲಂಕಷವಾಗಿ ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಒಂದು ಪದರದ ಉಷ್ಣ ನಿರೋಧವೆಂದರೆ ಅದರ ದಪ್ಪವನ್ನು ಉಷ್ಣವಾಹಕತೆಯಿಂದ ಭಾಗಿಸಿದಾಗ ಬರುವ ಮೌಲ್ಯ. ಪ್ರತಿ ಮೀಟರಿಗೆ, ಪ್ರತಿ ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ ನೀರಿನ ಉಷ್ಣವಾಹಕತೆ ಸುಮಾರು 0.6. ಸೂಟಿಗೆ ಬಳಸುವ ನಿಯೋಪ್ರೀನ್ ನೊರೆರಬ್ಬರಿನದು ಸುಮಾರು 0.05. ಈಗ 7 ಮಿಲಿಮೀಟರ್ ದಪ್ಪದ ಸೂಟನ್ನೂ ಅದರೊಳಗೆ ನಿಶ್ಚಲವಾಗಿರುವ 1 ಮಿಲಿಮೀಟರ್ ನೀರಿನ ಪದರವನ್ನೂ ಹೋಲಿಸಿ. ಸೂಟಿನ ನಿರೋಧ 0.14, ನೀರಿನದು 0.0017. ಅಂದರೆ ನೀರಿನ ಕೊಡುಗೆ ಸೂಟಿನ ಕೊಡುಗೆಯ ಎಂಬತ್ತರಲ್ಲಿ ಒಂದು ಪಾಲು ಮಾತ್ರ! ಕಾಪಾಡುತ್ತಿರುವುದು ನೀರಲ್ಲ, ರಬ್ಬರಿನೊಳಗೆ ಸೆರೆಯಾಗಿರುವ ಅಸಂಖ್ಯಾತ ಅನಿಲ ಗುಳ್ಳೆಗಳು. ನಮ್ಮ ಉಣ್ಣೆಯ ಕಂಬಳಿ ಮಾಡುವುದೂ ಇದನ್ನೇ.

ವೆಟ್‌ಸೂಟನ್ನು ರೂಪಿಸಿದವರಿಗೆ ಈ ಸಂಗತಿ ಮೊದಲೇ ತಿಳಿದಿತ್ತು ಎಂಬುದು ಗಮನಾರ್ಹ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಹ್ಯೂ ಬ್ರ್ಯಾಡ್ನರ್ ಸ್ವತಃ ಭೌತವಿಜ್ಞಾನಿ. ಬಟ್ಟೆಯೊಳಗೇ ಅನಿಲ ಸೆರೆಯಾಗಿದ್ದರೆ ಸಾಕು, ಮುಳುಗುಗಾರ ಒಣಗಿರಬೇಕಾದ ಅಗತ್ಯವಿಲ್ಲ ಎಂಬುದನ್ನು ಅವರು 1951ರಲ್ಲೇ ಕಂಡುಕೊಂಡಿದ್ದರು. ನೀರು ಒಳಬಂದರೂ ತೊಂದರೆಯಿಲ್ಲ ಎಂದ ಮಾತು, ಪ್ರಚಾರದಲ್ಲಿ ನೀರು ಬಂದರೇ ಒಳ್ಳೆಯದು ಎಂದಾಯಿತು.

ನಿಮಿಷಕ್ಕೆ ಒಂದು ಲೋಟ

ಈ ವ್ಯತ್ಯಾಸ ಬರಿಯ ಮಾತಿನದಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯನ್ನು ತೆಗೆದುಕೊಳ್ಳಿ. ಆಳದ ತಣ್ಣೀರು ಮೇಲೇರಿ ಬರುವುದರಿಂದ ಅಲ್ಲಿನ ಉಷ್ಣತೆ ಬಹುಮಟ್ಟಿಗೆ 10ರಿಂದ 15 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ನೀರು 12 ಡಿಗ್ರಿ, ಸೂಟಿನೊಳಗಿನ ಚರ್ಮ 27 ಡಿಗ್ರಿ, ದೇಹದ ಮೇಲ್ಮೈ 1.8 ಚದರ ಮೀಟರ್ ಎಂದಿಟ್ಟುಕೊಳ್ಳೋಣ. 7 ಮಿಲಿಮೀಟರ್ ಸೂಟಿನ ಮೂಲಕ ಸೆಕೆಂಡಿಗೆ ಸುಮಾರು 190 ಜೂಲ್, ಅಂದರೆ 190 ವ್ಯಾಟ್ ಶಾಖ ಹೊರಹೋಗುತ್ತದೆ. ವಿಶ್ರಾಂತಿಯಲ್ಲಿರುವ ದೇಹ ಉತ್ಪಾದಿಸುವುದು ಸುಮಾರು 100 ವ್ಯಾಟ್. ಈಜುವಾಗ ಅದು ಕೆಲವು ಪಟ್ಟು ಹೆಚ್ಚುತ್ತದೆ. ಹೀಗಾಗಿ ಲೆಕ್ಕ ಹೇಗೋ ಸರಿದೂಗುತ್ತದೆ.

ಈಗ ಸೂಟ್ ಸಡಿಲವಾಗಿದೆ ಎನ್ನಿ. ಕುತ್ತಿಗೆ, ಮಣಿಕಟ್ಟುಗಳಿಂದ ನಿಮಿಷಕ್ಕೆ ಕೇವಲ 200 ಮಿಲಿಲೀಟರ್, ಒಂದು ಲೋಟದಷ್ಟು, ತಣ್ಣೀರು ಒಳಬಂದು, ಚರ್ಮದಷ್ಟೇ ಬೆಚ್ಚಗಾಗಿ ಹೊರಹೋಗುತ್ತದೆ. ನೀರಿನ ವಿಶಿಷ್ಟೋಷ್ಣ ಬಹಳ ಹೆಚ್ಚು. ಅಷ್ಟು ನೀರನ್ನು 15 ಡಿಗ್ರಿ ಬಿಸಿಮಾಡಲು ನಿಮಿಷಕ್ಕೆ 12,600 ಜೂಲ್, ಎಂದರೆ 210 ವ್ಯಾಟ್ ಬೇಕು. ಒಂದು ಲೋಟ ನೀರು ಶಾಖನಷ್ಟವನ್ನು ಎರಡು ಪಟ್ಟಿಗಿಂತ ಹೆಚ್ಚಾಗಿಸಿತು! ಸೂಟ್ ದುಪ್ಪಟ್ಟು ದಪ್ಪವಾಗಿದ್ದರೂ ಈ ಸೋರಿಕೆಯ ನಷ್ಟ ತಪ್ಪುತ್ತಿರಲಿಲ್ಲ. ಹಳೆಯ ವಿವರಣೆಯಲ್ಲಿ ಸತ್ಯಾಂಶವಿದ್ದರೆ ಇಷ್ಟೇ: ಒಳಗಿನ ನೀರು ಕದಲಬಾರದು. ಆ ನೀರು ಕಡಿಮೆಯಿದ್ದಷ್ಟೂ ಒಳ್ಳೆಯದು ಎನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ.

ಚೀಟಿಯ ಮೇಲಿನ ಅಂಕಿ

ಇನ್ನೊಂದು ಆಕ್ಷೇಪ, ಸೂಟಿನ ಚೀಟಿಯ ಮೇಲೆ ನಮೂದಿಸುವ ದಪ್ಪದ ಬಗ್ಗೆ. ಆ 7 ಮಿಲಿಮೀಟರ್ ಅಂಗಡಿಯಲ್ಲಿನ ದಪ್ಪ. 10 ಮೀಟರ್ ಆಳದಲ್ಲಿ ಒತ್ತಡ ಎರಡು ವಾಯುಭಾರ, 30 ಮೀಟರಿನಲ್ಲಿ ನಾಲ್ಕು. ಬಾಯ್ಲ್ ನಿಯಮದಂತೆ ಗುಳ್ಳೆಗಳು ಕುಗ್ಗಬೇಕು. ರಬ್ಬರಿನ ಬಿಗುವು ಅಡ್ಡಬರುವುದರಿಂದ ಅವು ನಿಯಮ ಹೇಳುವಷ್ಟು ಕುಗ್ಗವು, ನಿಜ. ಆದರೂ ಸೂಟಿನ ದಪ್ಪ ಅರ್ಧಕ್ಕಿಳಿದರೆ 190 ವ್ಯಾಟ್ ನಷ್ಟ 380 ಆಗುತ್ತದೆ. ಜೊತೆಗೆ ತೇಲುವ ಬಲವೂ ತಗ್ಗುತ್ತದೆ. ಅನೇಕ ಬಾರಿ ಆಳಕ್ಕೆ ಹೋಗಿಬಂದ ಹಳೆಯ ಸೂಟಿನಲ್ಲಿ ಕೆಲವು ಗುಳ್ಳೆಗಳು ಶಾಶ್ವತವಾಗಿ ಚಪ್ಪಟೆಯಾಗಿರುತ್ತವೆ. ಅದರ ಚೀಟಿ ಮಾತ್ರ ಹಳೆಯ ಅಂಕಿಯನ್ನೇ ಸಾರುತ್ತಿರುತ್ತದೆ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿಯುವ ನಮ್ಮ ತರುಣರಿಗೆ ಈ ಯಾವುದೂ ಅನುಭವಕ್ಕೆ ಬಾರದು. ಅಲ್ಲಿನ ಬೆಚ್ಚನೆಯ ನೀರು ತಪ್ಪು ವಿವರಣೆಯನ್ನು ಶಿಕ್ಷಿಸುವುದಿಲ್ಲ. ತಣ್ಣೀರು ಶಿಕ್ಷಿಸುತ್ತದೆ. ಮೊದಲು ಬೆರಳುಗಳು ಮರಗಟ್ಟಿ ಕವಾಟ, ಕೊಕ್ಕೆಗಳು ಕೈಗೆ ದಕ್ಕುವುದಿಲ್ಲ. ಆಮೇಲೆ ವಿವೇಚನೆ ಮಂಕಾಗುತ್ತದೆ. ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ನೀರಿನಡಿಯಲ್ಲಿ ಅದು ಪ್ರಾಣಾಂತಿಕ.

ಹಾಗಾದರೆ ಆಯ್ಕೆ ಹೇಗೆ? ಮೊದಲು ಅಳತೆ, ನಂತರ ದಪ್ಪ. ಕುತ್ತಿಗೆ, ಕಂಕುಳು, ಸೊಂಟದ ಹಿಂಭಾಗದ ತಗ್ಗು, ಮಣಿಕಟ್ಟು, ಕಾಲ್ಗಂಟುಗಳಲ್ಲಿ ಸೂಟ್ ಮೈಗೆ ಅಂಟಿಕೊಂಡಿರಬೇಕು. ಆದರೆ ಉಸಿರಾಟಕ್ಕೆ ತಡೆಯಾಗಬಾರದು, ಕತ್ತನ್ನು ಒತ್ತಬಾರದು. ತೊಟ್ಟು ಕೈಯೆತ್ತಿ, ಕುಕ್ಕರಗಾಲಿನಲ್ಲಿ ಕೂತು ನೋಡಬೇಕು. ಹಳೆಯದಾದರೆ ಬೆರಳಿನಿಂದ ಒತ್ತಿ, ಪುಟಿಯುತ್ತದೆಯೇ ಎಂದು ಪರೀಕ್ಷಿಸಬೇಕು. ತಲೆಗವಸು, ಕೈಗವಸುಗಳನ್ನು ಮರೆಯಬಾರದು. ನೀರು 10 ಡಿಗ್ರಿಗಿಂತ ತಣ್ಣಗಿದ್ದರೆ ವೆಟ್‌ಸೂಟಿನ ಮೋಹ ಬಿಟ್ಟು, ಒಳಗೆ ಗಾಳಿಯನ್ನಿರಿಸಿಕೊಳ್ಳುವ ಡ್ರೈಸೂಟಿಗೆ ಹೋಗುವುದು ಲೇಸು.

ಶಿಕ್ಷಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಬಾಟಲಿಗಳಿಗೆ ಸಮನಾಗಿ ಬಿಸಿನೀರು ತುಂಬಿ. ಕಂಪ್ಯೂಟರಿನ ಹಳೆಯ ಮೌಸ್ ಪ್ಯಾಡ್‌ಗಳನ್ನು ಒಂದಕ್ಕೆ ಬಿಗಿಯಾಗಿ, ಇನ್ನೊಂದಕ್ಕೆ ಸಡಿಲವಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಎರಡನ್ನೂ ತಣ್ಣೀರಿನ ಬಕೆಟ್ಟಿನಲ್ಲಿಟ್ಟು ಅಲುಗಾಡಿಸುತ್ತಾ ಎರಡೆರಡು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. ಬೆಚ್ಚಗಿಡುವುದು ನೀರೋ ಗುಳ್ಳೆಯೋ ಎಂಬುದನ್ನು ವಿದ್ಯಾರ್ಥಿಗಳೇ ತೀರ್ಮಾನಿಸಲಿ.