ಕೋಲಾರದ ಕೆರೆಗಳಿಗೆ ಬೆಂಗಳೂರಿನ ನೀರು: ಕೆ.ಸಿ. ವ್ಯಾಲಿ ಯೋಜನೆಯ ವಿಮರ್ಶೆ

ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ ಜನರ ಬಾಯಲ್ಲಿ ‘ಕೆ.ಸಿ. ವ್ಯಾಲಿ’ ಆಗಿದೆ. ಬೆಂಗಳೂರಿನ ಚರಂಡಿ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ, ಪಂಪು ಮಾಡಿ, ಕೋಲಾರ ಸೀಮೆಯ ಕೆರೆಗಳಿಗೆ ತುಂಬಿಸುವುದು ಇದರ ಕೆಲಸ. ಸಣ್ಣ ನೀರಾವರಿ ಇಲಾಖೆ ಸುಮಾರು 1,342 ಕೋಟಿ ರೂಪಾಯಿ ವೆಚ್ಚದಲ್ಲಿ ಕೈಗೊಂಡ ಈ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆಗಳು. 2018ರ ಜೂನ್‌ನಲ್ಲಿ ಮೊದಲ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎರಡೂ ಮಳೆ ಬಿದ್ದರೆ ಮಾತ್ರ ಹೊಳೆಗಳು. ಆದ್ದರಿಂದಲೇ ಇಲ್ಲಿನ ಹಿರಿಯರು ಒಂದರ ಕೋಡಿ ಇನ್ನೊಂದರ ಒಡಲಿಗೆ ಹರಿಯುವಂತೆ ಕೆರೆಗಳ ಸರಪಳಿ ಕಟ್ಟಿದರು. ಕೊಳವೆಬಾವಿ ಬಂದ ಮೇಲೆ ಕೆರೆಯ ಮಾತು ಹಿಂದೆ ಸರಿಯಿತು. ತೂಬು ಕೆಟ್ಟಿತು, ಹೂಳು ತುಂಬಿತು, ನೀರಗಂಟಿಯ ಕೆಲಸ ನಿಂತಿತು. ಟೊಮ್ಯಾಟೊ, ರೇಷ್ಮೆ, ಹಾಲು ನಂಬಿದ ರೈತ ಸಾವಿರ ಅಡಿಗೂ ಆಳಕ್ಕೆ ಕೊರೆಸಬೇಕಾಯಿತು. ಹಾಗೆ ಸಿಕ್ಕ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇತ್ತು.

ಇಂಥ ನೆಲಕ್ಕೆ ಹೊಂದುವಂತೆ ಯೋಜನೆಯನ್ನು ರೂಪಿಸಿದ ರೀತಿ ಮೆಚ್ಚಬೇಕಾದದ್ದು. ಪ್ರತಿ ಕೆರೆಗೂ ಪೈಪು ಎಳೆಯುವ ಬದಲು ಮೇಲಿನ ಕೆರೆಗೆ ನೀರು ಬಿಟ್ಟರು. ಉಳಿದದ್ದನ್ನು ಬಹುಮಟ್ಟಿಗೆ ಹಳೆಯ ಕಾಲುವೆ, ಹಳೆಯ ಕೋಡಿಗಳೇ ನೋಡಿಕೊಂಡವು. ನೂರಾರು ವರ್ಷಗಳ ಹಿಂದೆ ನೆಲದ ಇಳಿಜಾರು ಓದಿದವರ ಲೆಕ್ಕ ಇಂದಿಗೂ ತಪ್ಪಿಲ್ಲ. ಫಲವೂ ಕಂಡಿತು. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೂ ಅಂತರ್ಜಲ ಏರಿದ್ದನ್ನು ಗುರುತಿಸಿತು. ನಗರ ಕೊಳಕು ಮಾಡಿ ಬಿಡುವ ನೀರು ಬರದ ಜಿಲ್ಲೆಯ ಬೇಸಾಯಕ್ಕೆ ಆಧಾರವಾದದ್ದು ಸಣ್ಣ ಸಂಗತಿಯಲ್ಲ. ಪ್ರಮಾಣದ ದೃಷ್ಟಿಯಿಂದ ಯೋಜನೆ ಗೆದ್ದಿದೆ.

ತೊಡಕಿರುವುದು ಗುಣದಲ್ಲಿ. ನೀರು ಬಂದ ಕೆಲವೇ ವಾರಗಳಲ್ಲಿ, 2018ರ ಜುಲೈನಲ್ಲಿ, ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಕಂಡಿದ್ದ ಜನರಿಗೆ ಅದರ ಅರ್ಥ ವಿವರಿಸಬೇಕಿರಲಿಲ್ಲ. ಹೈಕೋರ್ಟ್ ನೀರು ಹರಿಸುವುದಕ್ಕೆ ತಡೆ ನೀಡಿ ಮುಂದೆ ಅದನ್ನು ತೆರವುಗೊಳಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆದು ಏಪ್ರಿಲ್‌ನಲ್ಲಿ ಅನುಮತಿ ಕೊಟ್ಟಿತು. ನ್ಯಾಯಾಲಯದ ಮೆಟ್ಟಿಲೇರಿದ ಹೋರಾಟಗಾರರ ಬೇಡಿಕೆ ಒಂದೇ: ಮೂರನೆಯ ಹಂತದ ಸಂಸ್ಕರಣೆ. ಆ ಬೇಡಿಕೆಯಲ್ಲಿ ತಿರುಳಿದೆ.

ಎರಡನೆಯ ಹಂತದಲ್ಲಿ ನಡೆಯುವುದು ಮುಖ್ಯವಾಗಿ ಸೂಕ್ಷ್ಮಾಣುಗಳ ಕೆಲಸ. ಗಾಳಿ ಊದಿದ ತೊಟ್ಟಿಯಲ್ಲಿ ಅವು ಕೊಳೆಯನ್ನು ತಿಂದು ಕೆಸರಾಗಿ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿಯನ್ನು ಸೋಂಕು ನಿವಾರಿಸಿ ಹೊರಬಿಡುತ್ತಾರೆ. ಕಣ್ಣಿಗೆ ಅದು ತಿಳಿನೀರೇ. ಆದರೆ ಸಾರಜನಕ, ರಂಜಕ ಪೂರ್ತಿ ಹೋಗಿರುವುದಿಲ್ಲ. ಔಷಧಗಳ ಉಳಿಕೆ, ಸಣ್ಣ ಕಾರ್ಖಾನೆಗಳು ಕದ್ದು ಚರಂಡಿಗೆ ಬಿಡುವ ಲೋಹಾಂಶ, ಇವನ್ನು ತೆಗೆಯಲು ಈ ಘಟಕಗಳನ್ನು ಕಟ್ಟಿಯೇ ಇಲ್ಲ. ರಂಜಕ ಕೆರೆಯಲ್ಲಿ ಪಾಚಿ, ಜೊಂಡು ಬೆಳೆಸುತ್ತದೆ. ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ನೀರಿನ ಜೊತೆಯೇ ಕೆಳಗಿಳಿಯುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ.

ಸರ್ಕಾರದ ಸಮರ್ಥನೆ ಹೀಗಿದೆ: ಈ ನೀರು ಕುಡಿಯುವುದಕ್ಕಲ್ಲ, ಕೆರೆಯಿಂದ ನೇರವಾಗಿ ಎತ್ತುವುದಕ್ಕೂ ಅಲ್ಲ, ಅಂತರ್ಜಲ ಮರುಪೂರಣಕ್ಕೆ ಮಾತ್ರ, ಮಣ್ಣು ಸೋಸಿಕೊಳ್ಳುತ್ತದೆ. ವಾದ ದುರ್ಬಲವಾಗುವುದು ಇಲ್ಲಿಯೇ. ಕೋಲಾರದ ಹೆಚ್ಚಿನ ಹಳ್ಳಿಗಳು ಕುಡಿಯುವುದು ಕೊಳವೆಬಾವಿಯ ನೀರನ್ನು. ಅಂತರ್ಜಲಕ್ಕೆ ಸೇರಿಸಿದ್ದೆಲ್ಲ ಇವತ್ತಲ್ಲ ನಾಳೆ ಬಿಂದಿಗೆಗೆ ಬರುತ್ತದೆ. ಹೀಗಿರುವಾಗ ಇದು ಕುಡಿಯುವ ನೀರಿನ ಯೋಜನೆಯೇ, ಆ ಹೆಸರಿನ ಹೊಣೆಯನ್ನು ಹೊತ್ತಿಲ್ಲ ಅಷ್ಟೆ. ಮಣ್ಣು ಸೋಸುತ್ತದೆ ಎಂಬುದೂ ಅರ್ಧ ನಿಜ. ಮೇಲಿನ ಮಣ್ಣು, ಶಿಥಿಲಗೊಂಡ ಕಲ್ಲಿನ ಪದರ ನಿಧಾನಕ್ಕೆ ಇಳಿಯುವ ನೀರನ್ನು ಬಹುಮಟ್ಟಿಗೆ ಶುದ್ಧ ಮಾಡುತ್ತವೆ. ಅದರ ಕೆಳಗಿರುವ ಗಟ್ಟಿ ಬಂಡೆಯ ಬಿರುಕುಗಳು ಹಾಗೆ ಮಾಡವು; ಅವು ನೀರನ್ನು ಸಾಗಿಸುತ್ತವೆ. ಕೆರೆಯ ಅಂಗಳದಲ್ಲೇ ಬಾಯ್ತೆರೆದು ನಿಂತ ಹಳೆಯ ಕೊಳವೆಬಾವಿ ಇದ್ದರೆ ಸೋಸುವ ಮಾತೇ ಇಲ್ಲ.

ಇದೇ ದಾರಿಯಲ್ಲಿ ಮುಂಚೆ ನಡೆದವರು ಹೊಣೆ ಹೊತ್ತೇ ನಡೆದರು. ನಮೀಬಿಯದ ವಿಂಡ್‌ಹುಕ್ ನಗರ 1968ರಿಂದ ಚರಂಡಿ ನೀರನ್ನು ಹಲವು ಹಂತಗಳಲ್ಲಿ ಶುದ್ಧಗೊಳಿಸಿ ನೇರವಾಗಿ ನಲ್ಲಿಗೆ ಕೊಡುತ್ತಿದೆ. ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿ ಮಾಡುವುದು ಕೋಲಾರದಂತೆ ಅಂತರ್ಜಲ ಮರುಪೂರಣವನ್ನೇ. 2008ರಿಂದ ಅಲ್ಲಿ ಸೂಕ್ಷ್ಮ ಜರಡಿ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಕಿರಣ ದಾಟಿದ ಮೇಲೆಯೇ ನೀರು ನೆಲಕ್ಕೆ ಇಳಿಯುತ್ತದೆ. ಅಷ್ಟು ದುಬಾರಿ ವಿಧಾನ ಕೋಲಾರಕ್ಕೆ ಬೇಕೇ ಬೇಕೆಂದಿಲ್ಲ. ಸಾರಜನಕ–ರಂಜಕ ತೆಗೆಯುವ ಘಟಕ, ಮರಳಿನ ಸೋಸು, ಮೊದಲ ಕೆರೆಯಲ್ಲಿ ಜೌಗುಸಸ್ಯಗಳ ಪಾತಿ, ಪ್ರತಿ ಊರಿನ ಕೊಳವೆಬಾವಿಯ ನೀರನ್ನು ತಪ್ಪದೆ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸುವ ಕ್ರಮ, ಇವು ಸಾವಿರ ಕೋಟಿ ಮೀರಿದ ಯೋಜನೆಗೆ ಭಾರವಾಗುವಂಥವಲ್ಲ. ಕೊನೆಯದಕ್ಕಂತೂ ಹೆಚ್ಚು ಹಣವೂ ಬೇಡ.

ಇನ್ನೊಂದು ಪರಿಣಾಮ ಚರ್ಚೆಗೆ ಬಂದದ್ದು ಕಡಿಮೆ. ಕೋಲಾರದ ಕೆರೆ ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಬತ್ತುವ ಕೆರೆ. ಬತ್ತಿದಾಗ ತಳ ಬಿಸಿಲು ಕಾಣುತ್ತಿತ್ತು, ರೈತರು ಹೂಳನ್ನು ಗಾಡಿಗೆ ತುಂಬಿ ಹೊಲಕ್ಕೆ ಒಯ್ಯುತ್ತಿದ್ದರು. ಸದಾ ತುಂಬಿರುವ ಕೆರೆಯಲ್ಲಿ ಈ ಎರಡೂ ನಿಲ್ಲುತ್ತವೆ, ಪೋಷಕಾಂಶ ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಒಳ್ಳೆಯ ಮಳೆ ಬಂದಾಗ ಆ ಶುದ್ಧ ನೀರಿಗೆ ಜಾಗವಿಲ್ಲದೆ ಕೋಡಿ ಹರಿದುಹೋಗುತ್ತದೆ. ಮುಂಗಾರಿಗೆ ಮುಂಚೆ ಪಂಪು ತಗ್ಗಿಸಿ ಕೆರೆಯಲ್ಲಿ ಮಳೆಗೆ ಪಾಲು ಬಿಡುವ ವೇಳಾಪಟ್ಟಿ ಯೋಜನೆಯ ಭಾಗವಾಗಬೇಕಿತ್ತು.

ಬೇರೆ ಬಗೆಯ ಪ್ರಯತ್ನ ಹತ್ತಿರದಲ್ಲೇ ಇದೆ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರು ಬಾಗಲೂರು ಕೆರೆಗೆ, ಅಲ್ಲಿಂದ ದೇವನಹಳ್ಳಿಯ ಸಿಹಿನೀರು ಕೆರೆಗೆ ಬರುತ್ತದೆ. ಕೆರೆಯ ಬದಿಯ ಹಳೆಯ ತೆರೆದ ಬಾವಿಯನ್ನು ಹೂಳೆತ್ತಿ ಸರಿಪಡಿಸಿ, ಆಳವಿಲ್ಲದ ಸೋಸುಬಾವಿಗಳನ್ನು ಕೊರೆದು, ಮಣ್ಣಿನಲ್ಲಿ ಇಳಿದು ಬಂದ ನೀರನ್ನು ಮತ್ತೆ ಘಟಕದಲ್ಲಿ ಶುದ್ಧಗೊಳಿಸಿ ಪರೀಕ್ಷಿಸಿ ಊರಿಗೆ ಕೊಡುವ ವ್ಯವಸ್ಥೆ ಅಲ್ಲಿ ರೂಪುಗೊಂಡಿತು. ಪ್ರಮಾಣದಲ್ಲಿ ಅದು ಕೆ.ಸಿ. ವ್ಯಾಲಿಯ ಮುಂದೆ ಬೊಗಸೆಯಷ್ಟು. ಆದರೆ ಈ ನೀರನ್ನು ಜನ ಕುಡಿಯುತ್ತಾರೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು.